ಜಿಗಣಿ ರಸ್ತೆಯ ನೀಲಿ ಕೋಲು

"ಸ್ವಲ್ಪ ಕಾದು ನೋಡಿ, ಆಮೇಲೆ ಬ್ರೇಕ್ ಒತ್ತಿ ಎಂದು ಚಾಲಕರಿಗೆ ಹೇಳಿದ್ದೆ." ನನ್ನ ದಿನಚರಿಯ ಒಂದು ಪುಟದಲ್ಲಿ ಈ ವಾಕ್ಯವಿದೆ. ಅಕ್ಷರ ನನ್ನದೇ. ಘಟನೆ ನಡೆದ ದಿನವೇ ಸಂಜೆ ಬರೆದದ್ದು. ಆದರೂ ಆ ವಾಕ್ಯ ಸುಳ್ಳು. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ. ನನ್ನನ್ನು ಇವತ್ತಿಗೂ ಕಾಡುವುದು ಅದೇ.

೨೦೧೮ರ ಬೇಸಿಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ತಾನೇ ಓಡುವ ಕಾರನ್ನು ಸಿದ್ಧಪಡಿಸುತ್ತಿದ್ದ ಸಣ್ಣ ಕಂಪನಿಯೊಂದರಲ್ಲಿ ನಾನಿದ್ದೆ. ನಾನು ಓದಿದ್ದು ಮನಃಶಾಸ್ತ್ರ. ನನ್ನ ಕೆಲಸ ಯಂತ್ರದ್ದಲ್ಲ, ಮನುಷ್ಯರದ್ದು. ರಸ್ತೆ ಅಗೆದು ಹಾಕಿರುವ ಕಡೆ ಚಾಲಕರು ಹೇಗೆ ನಡೆದುಕೊಳ್ಳುತ್ತಾರೆ, ಎಲ್ಲಿ ನಿಧಾನಿಸುತ್ತಾರೆ, ಯಾರನ್ನು ನೋಡಿ ನಿಲ್ಲುತ್ತಾರೆ, ನಮ್ಮ ಕಾರು ಅವರ ನಡುವೆ ಹೇಗೆ ನಡೆದುಕೊಂಡಿತು ಎಂಬುದನ್ನೆಲ್ಲ ಗಮನಿಸಿ, ವಿಂಗಡಿಸಿ, ಪಟ್ಟಿ ಮಾಡಬೇಕು. ಕಾರಿನ ಹಿಂದಿನ ಸೀಟಿನಲ್ಲಿ ಮಡಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ಸ್ಟಿಯರಿಂಗ್ ಹಿಂದೆ ನಲವತ್ತೈದು ದಾಟಿದ ಒಬ್ಬ ಚಾಲಕರು. ಅದಕ್ಕೂ ಮೊದಲು ಮಾರತ್ತಹಳ್ಳಿ ಕಡೆಯಿಂದ ಕಂಪನಿಗಳಿಗೆ ಶಿಫ್ಟ್ ವ್ಯಾನ್ ಓಡಿಸಿದ್ದವರು. ಕಾರು ತಾನಾಗಿ ಓಡುವಾಗ ಅವರು ಕೈಯನ್ನು ತೊಡೆಯ ಮೇಲಿಟ್ಟು, ಪಾದವನ್ನು ಬ್ರೇಕಿನ ಮೇಲೆ ತಾಗಿಯೂ ತಾಗದಂತೆ ಇಟ್ಟುಕೊಂಡಿರಬೇಕು. ಅಪಾಯ ಕಂಡರೆ ಒತ್ತಬೇಕು. ಒತ್ತಿದ ತಕ್ಷಣ ಕಾರು ಅವರ ವಶಕ್ಕೆ ಬರುತ್ತದೆ, ನನ್ನ ತೆರೆಯ ಮೇಲೆ ಒಂದು ಗೆರೆ ಮೂಡುತ್ತದೆ. ಅಂಥ ಪ್ರತಿಯೊಂದು ಗೆರೆಗೂ ನಾನು ಕಾರಣ ಬರೆಯಬೇಕು: ಅಗತ್ಯ ಅಥವಾ ಅನಗತ್ಯ.

ನಾವು ಆರಿಸಿಕೊಂಡಿದ್ದು ಜಿಗಣಿ ಕೈಗಾರಿಕಾ ಪ್ರದೇಶದ ಒಂದು ರಸ್ತೆ. ಅಲ್ಲಿ ಕಾಂಕ್ರೀಟ್ ಹಾಕುವ ಕೆಲಸ ನಡೆದಿತ್ತು. ಅರ್ಧ ರಸ್ತೆಯನ್ನು ಸೊಂಟದಾಳ ಅಗೆದು ಕಂಬಿ ಕಟ್ಟಿದ್ದರು. ಉಳಿದರ್ಧದಲ್ಲಿ ಒಮ್ಮೆಗೆ ಒಂದು ಕಡೆಯ ವಾಹನಗಳು ಮಾತ್ರ ಹೋಗಬಹುದು. ಒಂದು ಪಕ್ಕ ಅಗೆದ ಹಳ್ಳ, ಇನ್ನೊಂದು ಪಕ್ಕ ಕಾರ್ಖಾನೆಯ ಕಾಂಪೌಂಡು. ಸುಮಾರು ನಾನೂರು ಮೀಟರಿನ ಈ ಓಣಿ ನಡುವೆ ಕಾಂಪೌಂಡಿನ ಜೊತೆಗೇ ತಿರುಗುತ್ತಿದ್ದುದರಿಂದ ಒಂದು ತುದಿಯವರಿಗೆ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಎರಡೂ ತುದಿಯಲ್ಲಿ ಬಾವುಟ ಹಿಡಿದು ಒಬ್ಬೊಬ್ಬರು. ನಮ್ಮ ತುದಿಯಲ್ಲಿದ್ದವಳು ಅಲ್ಲೇ ಪಕ್ಕದ ಊರಿನವಳು, ನಲವತ್ತರ ಆಸುಪಾಸು. ಹಿಂದೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿದ್ದಳಂತೆ. ಸೀರೆಯ ಮೇಲೆ ಹೊಳೆಯುವ ಕಿತ್ತಳೆ ಕೋಟು, ತಲೆಗೆ ಟವೆಲ್.

ನಮ್ಮ ಕಾರಿನ ನೆತ್ತಿಯ ಮೇಲೆ ಸುತ್ತಲಿನದನ್ನು ಅಳೆಯುತ್ತ ತಿರುಗುತ್ತಿದ್ದ ಡಬ್ಬಿ ನೋಡಿ ಅವಳು ಅದಕ್ಕೆ ಮೊದಲ ದಿನವೇ ಹೆಸರಿಟ್ಟಳು.

"ಏನಮ್ಮ, ಈ ಟೋಪಿ ಕಾರು ತಾನೇ ಓಡ್ತದಂತೆ? ಅಂಗಾದ್ರೆ ಅಣ್ಣ ಯಾಕೆ ಕೂತವ್ನೆ? ಸಂಬ್ಳ ಕಾರಿಗೋ ಅಣ್ಣಂಗೋ?"

"ಸಂಬ್ಳ ನಂಗೇ ಅಕ್ಕ," ಅಂದರು ಚಾಲಕರು. "ಬೈಗುಳ ಮಾತ್ರ ಇಬ್ರಿಗೂ ಸಮ ಸಮ."

ಅವಳ ಬಳಿ ಎರಡು ಬಾವುಟ ಇರಬೇಕಾಗಿತ್ತು. ಹಸಿರು ಬಿಸಿಲಿಗೆ ಬಿಳಿಚಿಕೊಂಡು ಯಾವ ಬಣ್ಣವೆಂದು ತಿಳಿಯದಂತಾಗಿದ್ದರಿಂದ ಅದನ್ನು ಬಿಟ್ಟಿದ್ದಳು. ಕೆಂಪು ಒಂದರಲ್ಲೇ ಕೆಲಸ: ಎತ್ತಿ ಹಿಡಿದರೆ ನಿಲ್ಲಬೇಕು, ಕಂಕುಳಲ್ಲಿ ಇರುಕಿಕೊಂಡರೆ ಹೋಗಬಹುದು. ನಾವು ಕಾರಿಗೆ ಕಲಿಸಿದ್ದೂ ಅದನ್ನೇ. ಕೆಂಪು ಕಂಡರೆ ನಿಲ್ಲು. ಕಾಣದಿದ್ದರೆ, ದಾರಿ ಖಾಲಿಯಿದ್ದರೆ, ನಡೆ. ನೂರಾರು ಬಾರಿ ಸರಿಯಾಗಿಯೇ ನಡೆಯಿತು.

ಆದರೆ ಆ ತುದಿಯಲ್ಲಿ ಚಾಲಕರು ಆಗಾಗ ಬ್ರೇಕ್ ಒತ್ತುತ್ತಿದ್ದರು. ಮೂರು ವಾರಗಳಲ್ಲಿ ಹನ್ನೊಂದು ಸಲ. ಪ್ರತಿ ಸಲವೂ ಕಾರು ಇನ್ನೇನು ಹೊರಡಬೇಕು, ಮುಂದೆ ದಾರಿ ಖಾಲಿ, ಕೆಂಪು ಬಾವುಟ ಮೇಲಿಲ್ಲ. ಅಷ್ಟರಲ್ಲಿ ಅವರ ಪಾದ ಇಳಿಯುತ್ತಿತ್ತು. ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ ಎಂದು ನೆನಪು. "ನಿಲ್ಲಬೇಕು ಅನ್ನಿಸ್ತು ಮೇಡಂ," ಅಂದಿದ್ದರು. ಎರಡೇ ಕ್ಷಣದಲ್ಲಿ ಬಾವುಟ ಮತ್ತೆ ಮೇಲೇಳುತ್ತಿತ್ತು ಎಂಬುದನ್ನು ನಾನು ಗಮನಿಸಿದ್ದೆನೇ? ಗಮನಿಸಿದ್ದೆ. ಅದನ್ನು ಅವಳ ಅಸ್ಥಿರ ಸನ್ನೆ ಎಂದು ಗುರುತು ಹಾಕಿಕೊಂಡಿದ್ದೆ. ಹನ್ನೊಂದಕ್ಕೆ ಹನ್ನೊಂದನ್ನೂ "ಅನಗತ್ಯ" ಎಂಬ ಕಾಲಮ್ಮಿಗೆ ಸೇರಿಸಿ, ಕಾರಣದ ಜಾಗದಲ್ಲಿ "ಚಾಲಕರ ಹಳೆಯ ಅಭ್ಯಾಸ" ಎಂದು ಬರೆದೆ.

ನಮ್ಮ ತಂಡದ ಮುಖ್ಯಸ್ಥ ನನಗಿಂತ ನಾಲ್ಕು ವರ್ಷ ಚಿಕ್ಕವನು. ಕೆಟ್ಟವನಲ್ಲ, ಆ ದಿನಗಳಲ್ಲಿ ಸರಿಯಾಗಿ ಊಟ ಮಾಡಿದ್ದನ್ನೂ ನಾನು ನೋಡಲಿಲ್ಲ. ಮುಂದಿನ ವಾರ ಹೊರಗಿನಿಂದ ಕೆಲವರು ಬಂದು ಕಾರಿನಲ್ಲಿ ಕೂತು ನೋಡುವವರಿದ್ದರು. ಅವರ ಮುಂದೆ ಚಾಲಕರು ಬ್ರೇಕ್ ಒತ್ತಿದಷ್ಟೂ ಕಾರಿನ ಮಾನ ಹೋಗುತ್ತದೆ.

"ಆ ಜಿಗಣಿ ತುದೀಲಿ ಹನ್ನೊಂದು ಇದೆ ಕಣ್ರೀ," ಅಂದ. "ಎಲ್ಲಾ ಅನಗತ್ಯ ಅಂತ ನೀವೇ ಹಾಕಿದ್ದೀರ. ಹಂಗಾದ್ರೆ ಅವರಿಗೆ ಹೇಳಿ. ಕಾರಿಗೆ ಕಲಿಸೋದೇ ಸುಲಭ, ಈ ಅಣ್ಣಂಗೆ ಕಲಿಸೋದೇ ಕಷ್ಟ ಆಯ್ತಲ್ಲ."

ನಾನು ನಕ್ಕೆ. ಅದು ಮಾತ್ರ ಚೆನ್ನಾಗಿ ನೆನಪಿದೆ.

ಮಾರನೆಯ ದಿನ ಬೆಳಿಗ್ಗೆ ಹೊರಡುವಾಗ ಚಾಲಕರಿಗೆ ಹೇಳಿದೆ. ಏನು ಹೇಳಿದೆ ಎಂಬುದೇ ಈ ಬರಹದ ತಕರಾರು. ಅದಕ್ಕೆ ಆಮೇಲೆ ಬರುತ್ತೇನೆ. ಅವರು "ಆಯ್ತು ಮೇಡಂ" ಅಂದರು.

ಹತ್ತೂವರೆಯ ಹೊತ್ತಿಗೆ ನಾವು ಆ ತುದಿ ತಲುಪಿದೆವು. ಬಾವುಟ ಮೇಲಿತ್ತು. ನಮ್ಮ ಮುಂದೆ ಒಂದು ಗೂಡ್ಸ್ ಆಟೋ, ಒಂದು ಬೈಕು. ಹಿಂದೆ ಒಂದು ಆಟೋ ಬಂದು ನಿಂತಿತು, ಅದರ ಹಿಂದೆ ಎರಡು ಕಾರು. ಕಾಂಕ್ರೀಟ್ ಮಿಕ್ಸರಿನ ಸದ್ದಿಗೆ ಗಾಜು ಏರಿಸಿ, ಏಸಿ ಹಾಕಿಕೊಂಡು ಕೂತಿದ್ದೆವು. ಎದುರಿನಿಂದ ಬಂದವರೆಲ್ಲ ದಾಟಿದ ಮೇಲೆ ಅವಳು ಬಾವುಟ ಕಂಕುಳಿಗೆ ಸೇರಿಸಿ ಕೈ ಬೀಸಿದಳು. ಗೂಡ್ಸ್ ಆಟೋ ಹೋಯಿತು. ಅಷ್ಟರಲ್ಲಿ ಅವಳು ಮತ್ತೆ ಬಾವುಟ ಎತ್ತಿದಳು. ಎದುರಿನ ತುದಿಯಲ್ಲಿ ಏನೋ ಒತ್ತಡವಿತ್ತು, ಅಲ್ಲಿಯವರನ್ನು ಬೇಗ ಬಿಡಬೇಕೆಂದು ಮೇಸ್ತ್ರಿ ಹೇಳಿ ಕಳಿಸಿದ್ದನೆಂದು ಆಮೇಲೆ ತಿಳಿಯಿತು. ಬೈಕಿನವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಬಾವುಟ ಇಳಿಯಿತು. ಬೈಕು ಹೊರಟಿತು. ನನ್ನ ತೆರೆಯ ಮೇಲೆ "ದಾರಿ ತೆರವು" ಎಂಬ ಹಸಿರು ಪಟ್ಟಿ ಬಂತು.

ಕಾರು ಹೊರಟಿತು.

ಅವಳ ಪಕ್ಕದಿಂದ ಹಾಯುವಾಗ ಅವಳ ಬಾಯಿ ತೆರೆದದ್ದು ಕಂಡಿತು, ಮಾತು ಕೇಳಲಿಲ್ಲ. ಮರುಕ್ಷಣ ಕಾರಿನ ಹಿಂಭಾಗಕ್ಕೆ ಧಡ್ ಎಂದು ಏನೋ ಬಡಿಯಿತು. ಅದು ಅವಳ ಅಂಗೈ. ನಾವು ಹೋದದ್ದನ್ನು ನೋಡಿ ಹಿಂದಿದ್ದ ಆಟೋ, ಎರಡೂ ಕಾರು, ಎಲ್ಲವೂ ನಮ್ಮನ್ನು ಹಿಂಬಾಲಿಸಿದವು. ಮುಂದಿನವನು ನುಗ್ಗಿದ ಮೇಲೆ ತಾನು ಯಾಕೆ ನಿಲ್ಲಬೇಕು ಎಂಬುದನ್ನು ನಮ್ಮೂರಿನ ಚಾಲಕರಿಗೆ ಯಾರೂ ಕಲಿಸಬೇಕಾಗಿಲ್ಲ. ಅದರ ಬಗ್ಗೆ ನಾನೇ ಒಂದು ಪುಟ ಬರೆದಿದ್ದೆ.

ನಮ್ಮ ಕಾರಿನದು ನಿಧಾನದ ಓಟ, ಬೈಕು ಆಗಲೇ ಓಣಿ ದಾಟಿತ್ತು. ತಿರುವಿನ ಹತ್ತಿರ ಎದುರಿಗೆ ಜಲ್ಲಿ ತುಂಬಿದ ಟಿಪ್ಪರ್ ಬಂತು.

ಕಾರಿಗಿಂತ ಮೊದಲು ಚಾಲಕರು ಬ್ರೇಕ್ ಒತ್ತಿದರು. ಎಡಕ್ಕೆ ಗೋಡೆ, ಬಲಕ್ಕೆ ಮೇಲ್ಮುಖವಾಗಿ ನಿಂತ ಕಂಬಿಗಳು. ಪಕ್ಕಕ್ಕೆ ಎಳೆದುಕೊಳ್ಳಲು ಜಾಗವೇ ಇರಲಿಲ್ಲ. ಟಿಪ್ಪರಿನ ಚಕ್ರ ಕಚ್ಚಿಕೊಂಡರೂ ಧೂಳಿನ ಮೇಲೆ ಅದು ಜಾರುತ್ತಲೇ ಬಂತು. ಬಂದು, ನಿಂತಿತು. ಬಾನೆಟ್ಟಿಗೂ ಅದರ ಬಂಪರಿಗೂ ನಡುವೆ ಎರಡಡಿ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಕಾರಿನ ಅಳತೆಯ ಪ್ರಕಾರ ನಾಲ್ಕೂವರೆ ಅಡಿ. ಭಯ ಕೂಡ ಲೆಕ್ಕ ತಪ್ಪುತ್ತದೆ.

ಹಿಂದೆ ಗಲಾಟೆ ಕೇಳಿ ತಿರುಗಿ ನೋಡಿದೆ. ಅವಳು ಓಡಿ ಬಂದು ಆಟೋದ ಮುಂದೆ ಅಡ್ಡ ನಿಂತಿದ್ದಳು. ಅದು ನಿಲ್ಲುವುದರೊಳಗೆ ಅದರ ಅಂಚು ಮೊಣಕೈಗೆ ತಾಗಿತ್ತು. ಆ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಾವುಟ ಆಡಿಸುತ್ತ, ಕೊನೆಯ ಕಾರಿನಿಂದ ಶುರುಮಾಡಿ ಒಂದೊಂದನ್ನೇ ಹಿಂದಕ್ಕೆ ಕಳಿಸಿದಳು. ಕೊನೆಗೆ ನಮ್ಮ ಸರದಿ. ಗಾಜು ಇಳಿಸಿದೆ.

"ನಿಮ್ ಕಾರ್ಗೆ ಕಣ್ಣಿಲ್ಲ ಸರಿ," ಅಂದಳು. "ಒಳಗೆ ಕೂತಿರೋ ನಾಕು ಕಣ್ಣು ಏನ್ ಮಾಡ್ತಿದ್ವು?"

ನಾನು "ಬಾವುಟ ಇಳಿದಿತ್ತಲ್ಲ ಅಕ್ಕ" ಅಂದೆ. ಇದನ್ನು ದಿನಚರಿಯಲ್ಲಿ ಬರೆಯಲಿಲ್ಲ.

ಮಧ್ಯಾಹ್ನ ಕಚೇರಿಯಲ್ಲಿ ಮುಖ್ಯಸ್ಥ ವಿಡಿಯೊವನ್ನು ನಾಲ್ಕು ಬಾರಿ ಹಿಂದೆ ಮುಂದೆ ಓಡಿಸಿದ. ಕೊನೆಗೆ ಕುರ್ಚಿಗೆ ಒರಗಿದ.

"ನೋಡಿ, ಇಳಿಸಿದ್ದಾಳೆ. ಕ್ಲಿಯರ್ ಆಗಿ ಇಳಿಸಿದ್ದಾಳೆ. ಕಾರ್ ಮಾಡಿದ್ದು ಕರೆಕ್ಟ್. ತಪ್ಪು ಸನ್ನೆ ಅವಳದು."

ಕಾಮಗಾರಿಯ ಇಂಜಿನಿಯರ್ ಕೂಡ ಫೋನ್ ಮಾಡಿದ್ದರು. ನಮ್ಮಿಂದ ಬರಹದಲ್ಲಿ ವರದಿ ಬೇಕು, ಬೆಳಿಗ್ಗೆಯೊಳಗೆ. ತಪ್ಪು ಅವಳದ್ದಾದರೆ ನಾಳೆಯಿಂದ ಅವಳು ಬೇಡ, ಬೇರೆಯವರನ್ನು ನಿಲ್ಲಿಸುತ್ತೇವೆ ಅಂದರು. ಬಹಳ ಸರಳವಾಗಿ ಹೇಳಿದರು. ವರದಿ ಬರೆಯಬೇಕಾದವಳು ನಾನು.

"ಒಂದು ಪುಟ ಸಾಕು," ಅಂದ ಮುಖ್ಯಸ್ಥ. "ವಿಡಿಯೊ ಇದೆಯಲ್ಲ, ನೀವು ಹೊಸದಾಗಿ ಏನೂ ಹೇಳ್ಬೇಕಾಗಿಲ್ಲ."

ಅವನು ಹೇಳಿದಂತೆಯೇ ಬರೆಯಲು ಕೂತೆ. ಅರ್ಧ ಪುಟ ಬರೆದೂ ಬರೆದೆ. "ಬಾವುಟಧಾರಿಯ ಅಸ್ಥಿರ ಸನ್ನೆ" ಎಂಬ ಪದಗಳು ನನ್ನ ಹಳೆಯ ಪಟ್ಟಿಯಿಂದಲೇ ಸಿಕ್ಕವು. ಅದಕ್ಕೆ ಆಧಾರವಾಗಿ ಹಿಂದಿನ ಹನ್ನೊಂದು ಸಂದರ್ಭಗಳನ್ನೂ ಜೋಡಿಸೋಣ ಎಂದು ಅವುಗಳ ವಿಡಿಯೊ ತೆರೆದೆ. ನನ್ನ ವಾದ ಗಟ್ಟಿಯಾಗಲಿ ಎಂದೇ ಹೊರತು ನ್ಯಾಯ ಹುಡುಕಲು ಅಲ್ಲ.

ಮೂರನೆಯದರಲ್ಲಿ ಕೋಲು ಕಂಡಿತು.

ಮುರಿದ ಗುದ್ದಲಿಯ ಹಿಡಿ. ಅದಕ್ಕೆ ನೀಲಿ ಟೇಪು ಸುತ್ತಿತ್ತು. ಕಾಂಪೌಂಡಿಗೆ ಒರಗಿಸಿ ಇಟ್ಟಿರುತ್ತಿತ್ತು. ಅವಳು ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು, ಬಗ್ಗಿ ಕೋಲು ತೆಗೆದುಕೊಂಡು, ಹೋಗುತ್ತಿರುವ ಸ್ಕೂಟರಿನವನ ಕೈಗೆ ಕೊಟ್ಟಳು. ಅವನು ಅದನ್ನು ಕಾಲ ಬಳಿ ಇಟ್ಟುಕೊಂಡು ಹೋದ. ಅವಳು ಮತ್ತೆ ಬಾವುಟ ಎತ್ತಿದಳು. ನಾಲ್ಕನೆಯದನ್ನು ನೋಡಿದೆ. ಕೋಲು. ಐದನೆಯದರಲ್ಲೂ ಕೋಲು. ಮೊದಲೆರಡನ್ನೂ ಮತ್ತೆ ನೋಡಿದೆ, ಹನ್ನೊಂದಕ್ಕೆ ಹನ್ನೊಂದರಲ್ಲೂ ಇತ್ತು. ಆ ಬೆಳಗಿನದನ್ನು ಮತ್ತೆ ತೆರೆದೆ. ಬೈಕಿನವನನ್ನು ಪಕ್ಕಕ್ಕೆ ಕರೆದದ್ದು ಮಾತಾಡಲು ಅಲ್ಲ.

ಚಾಲಕರು ಕೆಳಗೆ ಟೀ ಅಂಗಡಿಯಲ್ಲಿದ್ದರು. ಓಡಿ ಹೋಗಿ ಕೇಳಿದೆ.

"ಅಣ್ಣ, ಆ ಕೋಲು ಏನದು?"

ಅವರು ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿದ್ದೇನೆಯೇ ಎಂದು ನೋಡಿದಂತಿತ್ತು.

"ಕೊನೇ ಗಾಡಿ ಕೋಲು ಮೇಡಂ. ಆ ಕಡೆಯವನಿಗೆ ಈ ಕಡೆ ಕಾಣ್ಸಲ್ವಲ್ಲ. ಫೋನ್ ಮಾಡಿದ್ರೆ ಮಿಕ್ಸರ್ ಸದ್ದಿಗೆ ಕೇಳ್ಸಲ್ಲ. ಅದಕ್ಕೆ ಕೊನೇಗೆ ಹೋಗೋ ಗಾಡಿ ಕೈಗೆ ಕೋಲು ಕೊಡ್ತಾರೆ. ಕೋಲು ಆ ಕಡೆ ಮುಟ್ತು ಅಂದ್ರೆ ರೋಡ್ ಖಾಲಿ ಅಂತ. ಆಮೇಲೆ ಅವನು ಬಿಡ್ತಾನೆ. ಅವನ ಕೊನೇ ಗಾಡೀಲಿ ವಾಪಸ್ ಬರುತ್ತೆ."

"ಹಂಗಾದ್ರೆ ಅವಳು ಕೋಲಿಗೆ ಕೈ ಹಾಕಿದ್ರೆ…"

"ಮುಗೀತಲ್ಲ. ಹಿಂದಿನವರು ನಿಲ್ಲೋದು."

ಅಂದರೆ ಓಣಿ ಮುಚ್ಚುವ ಕ್ಷಣವೇ ಅವಳಿಗೆ ಕೈ ಖಾಲಿ ಬೇಕಾಗುತ್ತಿತ್ತು, ಆ ಕ್ಷಣವೇ ಬಾವುಟ ಕಂಕುಳಿಗೆ ಸೇರುತ್ತಿತ್ತು. ರಸ್ತೆಯ ಮೇಲಿದ್ದ ಎಲ್ಲರಿಗೂ ಅದು "ನಿಲ್ಲು". ನಮ್ಮ ಕಾರಿಗೆ ಮಾತ್ರ "ನಡೆ".

"ಇಷ್ಟು ದಿನ ಯಾಕೆ ಹೇಳಲಿಲ್ಲ ಅಣ್ಣ?"

"ಕೆಂಪು ದೀಪಕ್ಕೆ ಯಾಕೆ ನಿಂತೆ ಅಂತ ಯಾರಾದ್ರೂ ಹೇಳ್ತಾರಾ ಮೇಡಂ? ನಿಮಗೂ ಗೊತ್ತಿರುತ್ತೆ ಅಂದ್ಕೊಂಡೆ." ಲೋಟ ತಿರುಗಿಸಿದರು. "ಇವತ್ತು ಹೇಳ್ದೆನಲ್ಲ."

"ಯಾವಾಗ?"

ಅವರು ಟೀ ಲೋಟ ಇಟ್ಟು ಎದ್ದರು.

ಕಾರಿನೊಳಗಿನ ಧ್ವನಿ ಎಲ್ಲವೂ ದಾಖಲಾಗುತ್ತದೆ. ಅಲ್ಲಿಯವರೆಗೆ ನಾನು ಅದನ್ನು ಕೇಳಿರಲಿಲ್ಲ. ನನ್ನ ದಿನಚರಿಯ ಮೇಲೆ ಅಷ್ಟು ನಂಬಿಕೆ. ಸಂಜೆ ಐದರ ಹೊತ್ತಿಗೆ, ಆ ಪುಟವನ್ನು ಬರೆದು ಮುಗಿಸಿದ ಮೇಲೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ.

ಬೆಳಿಗ್ಗೆ ಕಾರು ಹೊರಡುವಾಗ ನಾನು ಹೇಳಿದ್ದು ಹೀಗಿದೆ: "ಅಣ್ಣ, ಆ ಬಾವುಟದ ಹತ್ರ ಇವತ್ತು ಬ್ರೇಕ್ ಒತ್ತಲೇಬೇಡಿ. ಒತ್ತಿದ್ರೆ ಅದು ನಮ್ಮ ಲೆಕ್ಕಕ್ಕೇ ಬರುತ್ತೆ." ಕಾದು ನೋಡಿ ಎಂಬ ಮಾತೇ ಇಲ್ಲ. ನನ್ನ ದನಿ ಗಡುಸಾಗಿಯೂ ಇಲ್ಲ. ಸ್ನೇಹದಿಂದ ಹೇಳಿದಂತಿದೆ. ಅದೇ ಇನ್ನೂ ಕಷ್ಟವಾಯಿತು.

ಓಣಿಯ ತುದಿಯ ಭಾಗಕ್ಕೆ ಬಂದೆ. ಏಸಿಯ ಸದ್ದು. ಚಾಲಕರ ದನಿ: "ಮೇಡಂ…" ಅಷ್ಟೇ. ಒಂದು ಪದ. ತಕ್ಷಣ ನನ್ನ ದನಿ: "ಇರಲಿ ಬಿಡಿ ಅಣ್ಣ." ಆಮೇಲೆ ಕಾರು ಹೊರಟ ಸದ್ದು, ಅಂಗೈ ಬಡಿದ ಸದ್ದು.

ಇದು ನನಗೆ ನೆನಪೇ ಇಲ್ಲ. ಇವತ್ತಿಗೂ ಇಲ್ಲ. ಆ ಮೂರು ಪದ ನನ್ನ ಬಾಯಿಂದ ಬಂದದ್ದಕ್ಕೆ ಒಂದು ಯಂತ್ರ ಸಾಕ್ಷಿ, ಅಷ್ಟೇ. ನೆನಪು ಅದನ್ನು ಅಳಿಸಿತ್ತು. ಕೈ ಕೆಲವೇ ಗಂಟೆಗಳಲ್ಲಿ ಇನ್ನೊಂದು ವಾಕ್ಯವನ್ನು ಅದರ ಜಾಗಕ್ಕೆ ತಂದು ಕೂರಿಸಿತ್ತು. ಹಳೆಯ ಪುಟ ತಿರುವಿದಾಗ ಇನ್ನೊಂದು ಸಿಕ್ಕಿತು. ಮೊದಲ ವಾರದ್ದು: "ಬಾವುಟದಾಕೆ ಸ್ಕೂಟರಿನವನಿಗೆ ಒಂದು ಕೋಲು ಕೊಟ್ಟಳು, ಇಬ್ಬರೂ ನಕ್ಕರು. ಏನೋ ತಮಾಷೆ." ನಾನು ನೋಡಿದ್ದೆ. ಜನರ ನಡವಳಿಕೆ ನೋಡಲೆಂದೇ ಕೂತಿದ್ದವಳು, ನೋಡಿ, ತಮಾಷೆ ಎಂದು ಬರೆದು, ಪುಟ ಮಗುಚಿದ್ದೆ.

ವರದಿಯ ಅರ್ಧ ಪುಟವನ್ನು ಅಳಿಸಿ ಹೊಸದಾಗಿ ಬರೆದೆ. ಅದು ಎರಡು ಪುಟವಾಯಿತು. ಕೋಲಿನ ಪದ್ಧತಿ, ಹನ್ನೊಂದು ಬಾರಿ ಚಾಲಕರು ಒತ್ತಿದ್ದು ಸರಿ ಎಂಬುದು, ಅದನ್ನು ಅನಗತ್ಯವೆಂದು ಗುರುತಿಸಿದವಳು ನಾನು ಎಂಬುದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳ ಕೆಲಸ ಉಳಿಯಲು ಕೋಲಿನ ಸಂಗತಿಯೇ ಸಾಕಾಗುತ್ತಿತ್ತು ಎಂದು ಒಮ್ಮೆ ಅನ್ನಿಸಿತು. ಆದರೆ ಅಷ್ಟೇ ಬರೆದರೆ ಓದಿದವರು ಮೊದಲು ಕೇಳುವ ಪ್ರಶ್ನೆ: ಕೋಲಿನ ಅರ್ಥ ಗೊತ್ತಿದ್ದ ಚಾಲಕ ಆ ದಿನ ಯಾಕೆ ಸುಮ್ಮನಿದ್ದ? ತಪ್ಪಿತಸ್ಥರ ಜಾಗಕ್ಕೆ ಅವಳ ಬದಲು ಅವರು ಬರುತ್ತಿದ್ದರು. ಎರಡೂ ಧ್ವನಿತುಣುಕುಗಳನ್ನು ವರದಿಗೆ ಜೋಡಿಸಿದೆ.

ಬೆಳಿಗ್ಗೆ ಮುಖ್ಯಸ್ಥನ ಕೋಣೆಯಲ್ಲಿ ಅದನ್ನು ಜೋರಾಗಿ ಕೇಳಿಸಿದೆ. "ಇರಲಿ ಬಿಡಿ ಅಣ್ಣ" ಎಂಬುದು ಮುಗಿದಾಗ ಅವನು ಕಣ್ಣು ಮುಚ್ಚಿಕೊಂಡಿದ್ದ.

"ಆಡಿಯೊ ಬೇಕಾ ಕಣ್ರೀ? ಬರೆದಿದ್ದೀರಲ್ಲ, ಸಾಕಲ್ವಾ?"

"ನಾನು ಬರೆದದ್ದನ್ನ ನಂಬೋಕಾಗಲ್ಲ," ಅಂದೆ. "ನಿನ್ನೆ ಸಂಜೆ ಬರೆದದ್ದೂ ನನ್ನ ಹತ್ರ ಇದೆ. ಓದಿ ಹೇಳ್ಲಾ?"

ಅವನು ಬೇಡವೆಂದು ತಲೆಯಾಡಿಸಿದ. "ಅವರಿಗೆ ಹೇಳಿ ಅಂತ ನಿಮಗೆ ಹೇಳಿದ್ದು ನಾನು. ಅದನ್ನೂ ಸೇರಿಸಿ," ಅಂದ. ಸೇರಿಸಿದೆ.

ಕಾಮಗಾರಿಯ ಇಂಜಿನಿಯರ್ ವರದಿ ಓದಿ, "ಓ, ಆ ಕೋಲಾ," ಅಂದರಂತೆ. ಅವಳನ್ನು ತೆಗೆಯಲಿಲ್ಲ. ಹೊರಗಿನವರು ಬಂದು ನೋಡುವುದು ಎರಡು ವಾರ ಮುಂದಕ್ಕೆ ಹೋಯಿತು, ಆ ದಿನ ಕಾರಿನಲ್ಲಿ ನಾನಿರಲಿಲ್ಲ. ರಸ್ತೆ ಕೆಲಸದ ಜಾಗಕ್ಕೆ ನೂರು ಮೀಟರ್ ಇರುವಾಗಲೇ ಕಾರನ್ನು ಚಾಲಕರ ವಶಕ್ಕೆ ಕೊಡಬೇಕು, ಗಾಜು ಇಳಿಸಿರಬೇಕು ಎಂದು ನಿಯಮವಾಯಿತು. "ಅನಗತ್ಯ" ಎಂಬ ಕಾಲಮ್ಮನ್ನು ತೆಗೆದುಹಾಕಿದೆ. ಅದರ ಬದಲಿಗೆ "ಚಾಲಕರನ್ನು ಕೇಳಲಾಗಿದೆಯೇ?" ಎಂದು ಹಾಕಿದೆ.

ವಾರದ ನಂತರ ನಾನು, ಚಾಲಕರು ಇಬ್ಬರೇ ಆ ರಸ್ತೆಗೆ ಹೋದೆವು. ಸ್ಟಿಯರಿಂಗ್ ಚಾಲಕರ ಕೈಯಲ್ಲಿತ್ತು. ಅವಳ ಮೊಣಕೈಗೆ ಪಟ್ಟಿ ಇನ್ನೂ ಇತ್ತು. ಸಾಲಿನಲ್ಲಿ ನಾವೇ ಕೊನೆ. ನಾನು ಮೊದಲೇ ಗಾಜು ಇಳಿಸಿದ್ದೆ. ಅವಳು ಬಾವುಟ ಕಂಕುಳಿಗೆ ಸೇರಿಸಿ, ಬಗ್ಗಿ ಕೋಲು ತೆಗೆದುಕೊಂಡಳು. ನಾನು ಕೈ ಚಾಚಿದೆ. ಆ ಕೈ ಚಾಚುವಾಗ ನನ್ನಲ್ಲಿ ಏನೋ ಒಂದು ಸಮಾಧಾನದ ನಿರೀಕ್ಷೆ ಇತ್ತು, ಅದನ್ನು ಒಪ್ಪಿಕೊಳ್ಳಬೇಕು.

ಅವಳು ನನ್ನ ಕೈ ನೋಡಿದಳು. ಆಮೇಲೆ ಕೋಲು ಹಿಡಿದುಕೊಂಡೇ ನಾವು ಬಂದ ದಾರಿಯ ಕಡೆ ನೋಡುತ್ತ ನಿಂತಳು. ಅರ್ಧ ನಿಮಿಷದ ಮೇಲೆ ತರಕಾರಿ ಚೀಲ ಹೇರಿಕೊಂಡು ಒಬ್ಬರು ಮೊಪೆಡ್‌ನಲ್ಲಿ ಬಂದರು. ಅವರನ್ನು ನಮ್ಮ ಹಿಂದೆ ನಿಲ್ಲಿಸಿ ಕೋಲನ್ನು ಅವರ ಕೈಗೆ ಕೊಟ್ಟಳು.

"ನಿಮ್ಗಲ್ಲಮ್ಮ," ಅಂದಳು. "ನಿಮ್ ಇಂದೆ ಒಬ್ರು ಇರ್ಲಿ. ಈಗ ಓಗಿ."

ಚಾಲಕರು ಗೇರ್ ಹಾಕಿದರು. ನಾನು ಚಾಚಿದ ಕೈಯನ್ನು ಒಳಕ್ಕೆ ತೆಗೆದುಕೊಂಡೆ. ಓಣಿಯುದ್ದಕ್ಕೂ ಕನ್ನಡಿಯಲ್ಲಿ ಮೊಪೆಡ್ ಕಾಣುತ್ತಿತ್ತು, ತರಕಾರಿ ಚೀಲದ ಮೇಲೆ ಅಡ್ಡಲಾಗಿ ಆ ನೀಲಿ ಕೋಲು.

ಅವಳ ಮಾತನ್ನು ಅದೇ ಸಂಜೆ ದಿನಚರಿಯಲ್ಲಿ ಬರೆದುಕೊಂಡೆ, ಮಾರನೆಯ ದಿನ ಕಾರಿನಲ್ಲಿ ದಾಖಲಾದ ಧ್ವನಿಯೊಂದಿಗೆ ಹೋಲಿಸಿ ನೋಡಿದೆ. ಒಂದು ಅಕ್ಷರವೂ ತಪ್ಪಿಲ್ಲ.